ಮೂರನೆಯ ಖಾತೆ

ಪ್ರೂಫ್ ತಿದ್ದುವುದು ಅವಳ ಕೆಲಸ. ಕಡತಗಳೆಲ್ಲ ಮೂರು ಕ್ಲೌಡ್ ಖಾತೆಗಳಲ್ಲಿ ದಿಕ್ಕಿಗೊಂದರಂತೆ ಬಿದ್ದಿದ್ದವು. "ಮೂರು ಅಡುಗೆಮನೆಗೆ ಒಬ್ಬಳೇ ಸೊಸೆ ಅನ್ನೋ ಹಾಗಾಯ್ತು ನಿನ್ನ ಪಾಡು. ಎಲ್ಲಾನೂ ಒಂದೇ ಕಡೆ ತಂದ್ಕೋ" ಎಂದು ಅಕ್ಕ ಒಂದು ಆ್ಯಪ್ ಹೇಳಿಕೊಟ್ಟಿದ್ದಳು.

ಮಧ್ಯಾಹ್ನ ಊಟವಾದ ಮೇಲೆ ಅದನ್ನು ಕಂಪ್ಯೂಟರಿಗೆ ಹಾಕಿಕೊಂಡಳು. ಕಚೇರಿಯ ಖಾತೆ ಸೇರಿಸಿದಳು, ತನ್ನದನ್ನು ಸೇರಿಸಿದಳು. ಮೂರನೆಯದು ಮದುವೆಯ ಹೊಸತರಲ್ಲಿ ಗಂಡನ ಜೊತೆ ತೆರೆದದ್ದು. ಅವನ ಹೊಡೆತ ತಾಳಲಾರದೆ ವಿಚ್ಛೇದನ ಪಡೆದು, ವಿಳಾಸ ಹೇಳದೆ ಊರು ಬಿಟ್ಟು ಎರಡು ವರ್ಷವಾಗಿತ್ತು. ಅದರಲ್ಲಿದ್ದ ಅಮ್ಮನ ಫೋಟೋಗಳನ್ನಷ್ಟು ಎತ್ತಿಕೊಂಡು ಋಣ ಹರಿದುಕೊಳ್ಳೋಣವೆಂದು ಹಳೆಯ ಪಾಸ್‌ವರ್ಡ್ ಒತ್ತಿದಳು. ಅದಿನ್ನೂ ಬದಲಾಗಿರಲಿಲ್ಲ.

ಪಟ್ಟಿಯ ಮೇಲ್ತುದಿಯಲ್ಲಿ ಒಂದು ಹಸಿರು ಗೇಟಿನ ಚಿತ್ರವಿತ್ತು. ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡು ದೊಡ್ಡದು ಮಾಡಿ ನೋಡಿದಳು. ತಾನಿರುವ ಕಟ್ಟಡದ್ದೇ ಗೇಟು. ತಾರೀಕು ನಿನ್ನೆಯದು. ಅದರ ಕೆಳಗೆ ಬಸ್ ನಿಲ್ದಾಣದಲ್ಲಿ ಅವಳ ಬೆನ್ನು, ಔಷಧದಂಗಡಿಯ ಗಾಜಿನಾಚೆ ಅವಳ ಮುಖ. ಅವನ ಫೋನಿನಲ್ಲಿ ತೆಗೆದದ್ದೆಲ್ಲ ತಾನಾಗಿ ಇಲ್ಲಿಗೆ ಬಂದು ಬೀಳುತ್ತಿತ್ತು. ಇದು ಅವನಿಗೆ ಮರೆತೇಹೋಗಿರಬೇಕು.

ಅಕ್ಕನಿಗೆ ಫೋನ್ ಮಾಡಿದಳು.

"ಮೊದ್ಲು ಆ ಖಾತೆ ಕಿತ್ತುಹಾಕು" ಎಂದಳು ಅಕ್ಕ.

"ಬೇಡ ಅಕ್ಕಾ. ಸಾಕ್ಷಿ ಅಂತ ಇರೋದು ಇದೊಂದೇ."

ಚಿತ್ರಗಳನ್ನು ಪೆನ್‌ಡ್ರೈವಿಗೆ ನಕಲಿಸಲು ಹಾಕಿದಳು. ಅರ್ಧವೂ ಮುಗಿದಿರಲಿಲ್ಲ, ಹೊಸ ಚಿತ್ರವೊಂದು ಬಂದು ಕೂತಿತು. ಮೆಟ್ಟಿಲು, ಗೋಡೆಯ ಮೇಲೆ ಎರಡನೇ ಮಹಡಿಯೆಂಬ ಬರಹ. ಅವಳ ಮನೆ ಮೂರನೆಯದರಲ್ಲಿ.

"ಮೆಟ್ಟಿಲ ಮೇಲಿದಾನೆ" ಎಂದಳು.

"ಚಿಲಕ ಹಾಕು. ಪೊಲೀಸರಿಗೆ ನಾನು ಹೇಳ್ತೀನಿ."

ಮೇಲಿನ ಚಿಲಕ, ಕೆಳಗಿನ ಚಿಲಕ ಎರಡನ್ನೂ ಜಡಿದು, ಬಾಗಿಲಿಗೆ ಕಿವಿಗೊಟ್ಟು ನಿಂತಳು. ಅವನು ಬಾಗಿಲು ತಟ್ಟಲಿಲ್ಲ. ಬೀಗದೊಳಗೆ ಕೀಲಿ ನಿಧಾನವಾಗಿ ತಿರುಗಿತು. ಬಾಗಿಲು ಕೂದಲೆಳೆಯಷ್ಟು ಅಲುಗಿ ಚಿಲಕಕ್ಕೆ ತಗುಲಿ ನಿಂತಿತು. ಆಚೆ ಯಾರೋ ಮೆಲ್ಲಗೆ ನಕ್ಕರು. ಏಳು ವರ್ಷ ಕೇಳಿದ್ದ ನಗು.

ಕೆಳಗಿಳಿದು ಹೋಗುತ್ತಿದ್ದವನನ್ನು ಪೊಲೀಸರು ಗೇಟಿನ ಬಳಿಯೇ ಹಿಡಿದರು. ಜೇಬಿನಲ್ಲಿ ಹೊಸದಾಗಿ ಮಾಡಿಸಿದ ಕೀಲಿಯಿತ್ತು.

ಹೇಳಿಕೆ ಬರೆದುಕೊಳ್ಳಲು ಬಂದ ಮಹಿಳಾ ಪೇದೆ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ ಹೋಗಿ ತಟ್ಟನೆ ನಿಂತಳು.

"ಇದು ನಿಮ್ಮ ಅಡುಗೆಮನೆ ಅಲ್ವಾ?"

ಹೌದು. ಎಂಟು ದಿನದ ಹಿಂದಿನದು. ಒಲೆಯ ಮೇಲೆ ಹಾಲಿನ ಪಾತ್ರೆ, ಮುಚ್ಚಳ ಪಕ್ಕಕ್ಕೆ ತೆಗೆದಿಟ್ಟಿತ್ತು.

ಅವಳು ಕೈಗೆ ಸಿಕ್ಕ ಬಟ್ಟೆ ತುಂಬಿಕೊಂಡು ಅಕ್ಕನ ಮನೆಗೆ ಹೊರಟಳು. ಬಿಟ್ಟುಬಂದ ಆ ಮನೆಯಲ್ಲಿ ಒಂದು ಲೋಟ ನೀರನ್ನೂ ಮತ್ತೆ ಕುಡಿಯಲಿಲ್ಲ.