ಹಫೀಜಾಳ ಸರ್ಟಿಫಿಕೇಟು

ಹಫೀಜಾ ಲಿನಕ್ಸ್ ಕಲಿತದ್ದು ಮ್ಯಾಗಜಿನ್ನಿನ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ. ಯಾರಿಗೂ ದುಡ್ಡು ಕೊಡದೆ ಬಳಸಬಹುದಾದ ಸಾಫ್ಟ್‌ವೇರ್ ಅದು. ಗೌರಿಬಿದನೂರಿನ ಬಸ್‌ಸ್ಟ್ಯಾಂಡ್ ಹಿಂದೆ ಎರಡು ಕಂಪ್ಯೂಟರುಗಳ ಅಂಗಡಿ ಇಟ್ಟುಕೊಂಡಿದ್ದ ಅವಳು ತೊಂಬತ್ತೆಂಟರಲ್ಲಿ ಕುಡುಮಲಕುಂಟೆಯ ಒಂದು ನೂಲಿನ ಕಾರ್ಖಾನೆಯ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟಳು. ಲೋಡಾದ ಲಾರಿಗಳನ್ನು ಹೊರಗೆ ಬಿಡುವ ಗೇಟ್‌ಪಾಸ್ ಕೂಡ ಅದರಿಂದಲೇ ಬರುತ್ತಿತ್ತು. ಕೆಟ್ಟಾಗ ಸರಿಮಾಡುವುದಕ್ಕೆಂದು ಕಾರ್ಖಾನೆ ತಿಂಗಳು ತಿಂಗಳು ಕೊಡುತ್ತಿದ್ದ ಹಣದಲ್ಲೇ ಅವಳದೂ ತಾಯಿ ವಜೀರುನ್ನೀಸಾಳದೂ ಜೀವನ ಸಾಗುತ್ತಿತ್ತು.

ಮರುವರ್ಷ ಮ್ಯಾನೇಜರ್ ವೆಂಕಟರವಣಪ್ಪ ಅವಳನ್ನು ಕರೆಸಿ ಕೂರಿಸಿಕೊಂಡರು.

"ಹೆಡ್ಡಾಫೀಸ್‌ನೋರು ಸರ್ಟಿಫಿಕೇಟ್ ಕೇಳ್ತಾವ್ರಮ್ಮ. ಕಂಪ್ಯೂಟರ್ ಮಿಷಿನ್ ನಿಂತೋದ್ರೆ ಯಾರು ಜವಾಬ್ದಾರಿ ಅಂತಾರೆ."

"ನಾನೇ ಬರ್ತೀನಲ್ಲ ಸಾರ್. ಯಾವತ್ತಾದ್ರೂ ಬರ್ದೆ ಇದ್ದೀನಾ?"

"ನಂಗೊತ್ತು ಕಣಮ್ಮ. ಅವ್ರಿಗೆ ಪೇಪರ್ ಬೇಕಂತೆ."

ಹಫೀಜಾ ಒಂದು ಕಂಪ್ಯೂಟರ್ ಮಾರಿ ಲಿನಕ್ಸ್ ಪರೀಕ್ಷೆಯ ಫೀಸು ಕಟ್ಟಿದಳು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಬಂದಳು. ಪಾಸಾದಳು. ಇಂಗ್ಲಿಷ್ ಬಾರದ ವಜೀರುನ್ನೀಸಾ, ಸರ್ಟಿಫಿಕೇಟಿನಲ್ಲಿ ಮಗಳ ಹೆಸರು ಎಲ್ಲಿದೆ ಎಂದು ಕೇಳಿ ತಿಳಿದು ಅದರ ಮೇಲೆ ಬೆರಳಾಡಿಸಿದಳು.

ಅಷ್ಟರಲ್ಲಿ ಹೆಡ್ಡಾಫೀಸು ಹೊಸ ಮಾತು ತೆಗೆದಿತ್ತು. ಒಬ್ಬಳ ಸರ್ಟಿಫಿಕೇಟು ಸಾಲದು, ಮಾನ್ಯತೆ ಪಡೆದ ಕಂಪನಿಯೇ ಬೇಕು. ರಿಪೇರಿಯ ಕಾಂಟ್ರಾಕ್ಟು ಬೆಂಗಳೂರಿನ ಕಂಪನಿಯೊಂದರ ಪಾಲಾಯಿತು. ಕೆಲವೇ ದಿನಗಳಲ್ಲಿ ಆ ಕಂಪನಿಯಿಂದಲೇ ಅವಳಿಗೆ ಫೋನು ಬಂತು. ಮಾನ್ಯತೆ ಉಳಿಸಿಕೊಳ್ಳಲು ಅವರಿಗೆ ಸರ್ಟಿಫಿಕೇಟು ಇದ್ದವರು ಬೇಕಿತ್ತು. ಮೊದಲಿನ ಅರ್ಧ ಹಣಕ್ಕೆ ಅದೇ ಕಾರ್ಖಾನೆ, ಅದೇ ಕೆಲಸ. ಕೆಟ್ಟಾಗ ಬೆಂಗಳೂರಿನವರು ಕಂಪ್ಲೇಂಟ್ ಬರೆದುಕೊಂಡು ಅದರ ನಂಬರ್ ಕೊಡುವವರೆಗೆ ಮಿಷಿನ್ ಮುಟ್ಟುವ ಹಾಗಿಲ್ಲ ಎಂಬ ಷರತ್ತು ಬೇರೆ. ಹಫೀಜಾ ಒಪ್ಪಿಕೊಂಡಳು. ಒಪ್ಪದೆ ಏನು ಮಾಡುವುದೆಂದು ಅವಳಿಗೆ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಮಿಷಿನ್ ನಿಂತಿತು. ಗೇಟಿನಲ್ಲಿ ನೂಲು ತುಂಬಿದ ಲಾರಿಗಳು ಸಾಲುಗಟ್ಟಿದವು. ಹಫೀಜಾ ಬಂದು ಕೂತಿದ್ದ ಆಫೀಸಿನೊಳಗೆ ಡ್ರೈವರ್ ಆವುಲಪ್ಪ ಬಂದ.

"ಅಕ್ಕಾ, ಹೆಂಡ್ತಿ ಚಿಂತಾಮಣಿ ಆಸ್ಪತ್ರೇಲವ್ಳೆ, ಹೆರಿಗೆ ಕಷ್ಟ ಆಗೈತಂತೆ. ಯಲಹಂಕದಲ್ಲಿ ಲೋಡ್ ಇಳಿಸಿ ಓಡ್ಬೇಕು. ಬೇಗ ಮಾಡ್ಕೊಡಕ್ಕಾ."

ಹಫೀಜಾ ಬೆಂಗಳೂರಿಗೆ ಮತ್ತೆ ಮತ್ತೆ ಫೋನು ತಿರುಗಿಸಿದಳು. ಎಂಗೇಜು. ಡಿಸ್ಕು ತುಂಬಿದೆಯೆಂದು ಪರದೆಯ ಮೇಲೆಯೇ ಬರೆದಿತ್ತು. ಅವಳ ಕೈ ಕೀಬೋರ್ಡಿನತ್ತ ಹೋಯಿತು.

"ಮುಟ್ಬೇಡಮ್ಮ!" ವೆಂಕಟರವಣಪ್ಪ ಎದ್ದು ನಿಂತರು. "ಕಾಂಟ್ರಾಕ್ಟ್ ಕ್ಯಾನ್ಸಲ್ ಆದ್ರೆ ನನ್ ಕೆಲ್ಸ ಹೋಗುತ್ತೆ."

"ಗೇಟ್‌ಪಾಸ್ ಕೈಯಲ್ಲಿ ಬರ್ಕೊಡಿ ಸಾರ್."

"ಮಿಷಿನ್ ಪಾಸ್ ಇಲ್ದೆ ಲಾರಿ ಬಿಟ್ರೂ ಕೆಲ್ಸ ಹೋಗುತ್ತೆ ಕಣಮ್ಮ."

ಆವುಲಪ್ಪ ಇಬ್ಬರ ಮುಖವನ್ನೂ ನೋಡಿದ. ಕೈ ಮುಗಿದ. ಕೊನೆಗೆ ಲಾರಿಯ ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಟುಬಿಟ್ಟ. ಲೋಡ್ ಬಿಟ್ಟು ಹೋದವನನ್ನು ಲಾರಿಯ ಮಾಲೀಕ ಮತ್ತೆ ಗಾಡಿ ಹತ್ತಿಸುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ಸಂಜೆ ಬೆಂಗಳೂರಿನಿಂದ ಕಂಪ್ಲೇಂಟ್ ನಂಬರು ಸಿಕ್ಕಿತು. ಹಳೆಯ ಫೈಲುಗಳನ್ನು ಅಳಿಸಿದ್ದೇ ತಡ, ಮಿಷಿನ್ ನಡೆಯಿತು. ಗೇಟ್‌ಪಾಸುಗಳು ಒಂದರ ಹಿಂದೊಂದು ಪ್ರಿಂಟಾದವು. ಆವುಲಪ್ಪನದನ್ನು ತೆಗೆದುಕೊಳ್ಳುವವರು ಇರಲಿಲ್ಲ. ಹಫೀಜಾ ಅದನ್ನು ಹಿಡಿದು ಗೇಟಿನವರೆಗೆ ಹೋದಳು.

"ಆವುಲಪ್ಪನಿಗೆ ಚಿಂತಾಮಣಿ ಬಸ್ ಸಿಕ್ತಾ?" ಎಂದು ವಾಚ್‌ಮನ್ನನ್ನು ಕೇಳಿದಳು.

"ನೋಡ್ಲಿಲ್ಲಮ್ಮ" ಎಂದ ಅವನು.