ರೋಸ್ ಹಾಕಿಸಿಕೊಂಡ ಮೇಲೆ

ಇರುವೆಯೇ ಇರಬೇಕು, ಕುತ್ತಿಗೆಯ ಹಿಂದೆ ರವಿಕೆಯ ಅಂಚಿನಲ್ಲಿ ಹರಿಯುತ್ತಿದೆ, ಕೈ ಎತ್ತಿ ಒರೆಸಿದರೆ ಬೆಂಚಿನ ಆ ತುದಿಯ ಟೈಯವನು ನೋಡುತ್ತಾನೆ, ಆಗಲೇ ಮೂಗಿಗೆ ಕರ್ಚೀಫು ಹಿಡಿದಿದ್ದಾನೆ, ಹಿಡಿ ಮಾರಾಯ, ಹಳಸಿದ ತೆಂಗಿನ ಹಾಲಿನ ನಾತ ನನ್ನ ತಲೆಯದ್ದೇ, ಮಣಿಪಾಲದ ಈ ಬ್ಯಾಂಕಿನಲ್ಲಿ ಆಫೀಸರ್ ಕೆಲಸದ ಇಂಟರ್‌ವ್ಯೂಗೆ ಬಂದ ಇಷ್ಟು ಗಂಡಸರ ನಡುವೆ ನಾನೊಬ್ಬಳೇ ಹೆಂಗಸು, ಕಾಪುವಿನ ಲೊರ್ನಾ, ನಾಳೆಯ ಮದುಮಗಳು — ನಿನ್ನೆ ರೋಸ್ ಆಯಿತು, ನೆಂಟರೆಲ್ಲ ಸರದಿಯಲ್ಲಿ ಬಂದು ತಲೆಗೆ ತೆಂಗಿನ ಹಾಲು ಸುರಿದರು, ಮದುವೆಯ ಮುನ್ನಾದಿನ ಮಾಡಬೇಕಾದ ಶಾಸ್ತ್ರ, ಆದರೆ ಇವತ್ತು ಶುಕ್ರವಾರ, ನಮಗೆ ಮಾಂಸ ಮುಟ್ಟಬಾರದ ದಿನ, ಹಂದಿಮಾಂಸ ಇಲ್ಲದ ರೋಸಿನ ಊಟ ಯಾರಿಗೆ ಬೇಕು, ಅದಕ್ಕೇ ಒಂದು ದಿನ ಮೊದಲೇ ಮುಗಿಸಿದರು, ರೋಸ್ ಹಾಕಿಸಿಕೊಂಡವಳು ಮದುವೆಗೆಂದು ಇಗರ್ಜಿಗೆ ಹೊರಡುವವರೆಗೆ ಹೊಸ್ತಿಲು ದಾಟಬಾರದು, ದಾಟಿದೆ, ಬಸ್ಸಿನಲ್ಲಿ ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು, ಅಷ್ಟೆ.

ತಲೆ ತೊಳೆದುಕೊಂಡೇ ಬರುತ್ತಿದ್ದೆ, ನಿನ್ನೆ ರಾತ್ರಿ ಹಂಡೆಯಲ್ಲಿ ನೀರು ಕಾದಿತ್ತು, ನಾಳೆ ಇಂಟರ್‌ವ್ಯೂ ಉಂಟು ಮಾಯ್, ಹೋಗಿ ಬರ್ತೇನೆ ಎಂದದ್ದೇ ತಡ, ಹೆತ್ತ ಮಾಯ್ ಬಿಸಿನೀರನ್ನೆಲ್ಲ ಮೊಗೆದು ಮೊಗೆದು ಬಚ್ಚಲಿಗೆ ಚೆಲ್ಲಿದಳು, ಬಾವಿಯ ಹಗ್ಗ ಬಿಚ್ಚಿ ಒಳಗಿಟ್ಟು ಬೀಗ ಹಾಕಿದಳು, ಈ ತಲೆ ಹೊತ್ತುಕೊಂಡು ಹೋಗು ನೋಡುವ, ಹೆಣ್ಣಿಗೆ ಟೈಪಿಂಗ್ ಕಲಿಸಿದ್ದೇ ಹೆಚ್ಚಾಯಿತು, ಆಫೀಸರಂತೆ ಆಫೀಸರ್ — ಅವಳ ತಮ್ಮ ಸಿರಿಲ್ ಮಾಮ್ ಹೊಟ್ಟೆ ಹಿಡಿದುಕೊಂಡು ನಕ್ಕ, ಇಸವಿ ಎಪ್ಪತ್ತೊಂಬತ್ತಾದರೂ ನಮ್ಮ ಮನೆಯಲ್ಲಿ ಅದೊಂದು ತಮಾಷೆ. ಮದುಮಗ, ಶಿರ್ವದ ಮೌರಿಸನಿಗೆ ಕುವೈತಿನಿಂದ ರಜೆ ಇರುವುದೇ ಸ್ವಲ್ಪ, ಹೊಸ ಮನೆಯ ದೊಡ್ಡ ಕೋಣೆಯಲ್ಲಿ ಅವನ ತಾಯಿ ಮಲಗಿದಲ್ಲೇ ಇದ್ದಾಳೆ, ಅವಳ ಹೇಲುಚ್ಚೆ ಬಳಿಯುವವಳನ್ನು ಇಟ್ಟು ಅವನು ವಿಮಾನ ಹತ್ತಬೇಕು, ಹೆಣ್ಣು ನೋಡಲು ಬಂದಾಗ ನಮ್ಮಿಬ್ಬರನ್ನೂ ನೋಡಿ ಯಾರಾದರೂ ಆಗಬಹುದು ಎಂದವನು. ಹೌದು, ಇಬ್ಬರು, ನಾನು ಮತ್ತು ತಂಗಿ ಝೀಟಾ, ನಿನ್ನೆ ಮದುಮಗಳ ಜೊತೆಯವಳಾಗಿ ನನ್ನ ಪಕ್ಕ ಕೂತವಳು, ಜೊತೆಯವಳ ತಲೆಗೂ ಹಾಲು ಹಾಕುವುದು ರೂಢಿ, ಹಾಕಿದರು, ನನ್ನ ಕಣ್ಣಿಗೆ ಹಾಲು ಇಳಿದು ಉರಿಯುವಾಗ ಅವಳ ಹೆಬ್ಬೆರಳು ಕಣ್ಣಿನ ಮೂಲೆಯಿಂದ ಮೆಲ್ಲಗೆ ಒರೆಸಿತು, ಕಣ್ಣು ಮುಚ್ಚು ಮಾರಾಯ್ತಿ. ಮಾಯ್ ಅದನ್ನೇ ಹಿಡಿದಳು, ನೀನು ಹೊಸ್ತಿಲು ದಾಟು, ರೋಸ್ ಹಾಕಿದ ಹುಡುಗಿ ಇನ್ನೊಬ್ಬಳು ಇದ್ದಾಳೆ, ಇಗರ್ಜಿಯ ಸಂಜೆ ಗಂಟೆ ಹೊಡೆಯುವುದರೊಳಗೆ ನೀನು ಬಾರದಿದ್ದರೆ ನಾಳೆ ಮದುವೆ ಸೀರೆ ಅವಳಿಗೆ, ಮದುವೆಗೆ ಮೊದಲು ಮೂರು ಆದಿತ್ಯವಾರ ಇಗರ್ಜಿಯಲ್ಲಿ ಹೆಸರು ಓದದಿದ್ದರೂ ಆಗ್ತದೆ, ಬಿಷಪ್ಪರ ಅನುಮತಿ ಸಿಕ್ಕಿದರೆ ಸಾಕು. ಬರೀ ಬೆದರಿಕೆ ಎಂದುಕೊಂಡೆ. ಬೆಳಿಗ್ಗೆ ನಾನು ಹೆದ್ದಾರಿಯ ಈ ಬದಿಯಲ್ಲಿ ಉಡುಪಿ ಬಸ್ಸಿಗೆ ನಿಂತರೆ ಆ ಬದಿಯಲ್ಲಿ ಸಿರಿಲ್ ಮಾಮ್, ಬಿಷಪ್ಪರಿರುವ ಮಂಗಳೂರಿನ ಬಸ್ಸಿಗೆ, ಕಂಕುಳಲ್ಲಿ ಕೊಡೆ, ನನ್ನನ್ನು ನೋಡಿಯೂ ನೋಡದ ಹಾಗೆ. ಹೊರಡುವಾಗ ತನ್ನ ಟವೆಲಿನಿಂದ ನನ್ನ ತಲೆ ಉಜ್ಜಿದ ಝೀಟಾ ಒಂದೇ ಮಾತು ಕೇಳಿದಳು, ಸಂಜೆಯೊಳಗೆ ಬರ್ತಿ ಅಲ್ವಾ. ಬರ್ತೇನೆ ಎಂದೆ.

ಹೆಸರು ಕರೆದರು, ಮೇಜಿನ ಆಚೆ ಮೂವರು, ಬಡ್ಡಿಯ ಪ್ರಶ್ನೆ, ಸಾಲದ ಪ್ರಶ್ನೆ, ಎಲ್ಲಕ್ಕೂ ನೀರು ಕುಡಿದ ಹಾಗೆ ಉತ್ತರ ಕೊಟ್ಟೆ, ಆಮೇಲೆ ಕನ್ನಡಕದವರು ಕುರ್ಚಿಗೆ ಒರಗಿ, ಹುಡುಗಿಯರಿಗೆ ಕೆಲಸ ಕಲಿಸುವುದು ನಾವು, ವರ್ಷದೊಳಗೆ ಮದುವೆಯಾಗಿ ಹೋಗುವುದು ಅವರು, ಅಲ್ಲ, ತಲೆಗೆ ಎಂತ ಹಾಕಿಕೊಂಡು ಬಂದಿದ್ದೀರಿ — ಆಗ ಬಾಯಿ ತಾನಾಗಿ ತೆರೆಯಿತು, ಒಂದಿಷ್ಟೂ ತೊದಲಲಿಲ್ಲ, ರೋಸ್ ಸರ್, ನಾಳೆ ನನ್ನ ತಂಗಿಯ ಮದುವೆ, ನಾನು ಪಕ್ಕದಲ್ಲಿ ಕೂತವಳು. ಅಕ್ಕನಿಗಿಂತ ಮೊದಲು ತಂಗಿಗಾ? ನನಗೆ ಕೆಲಸ ಬೇಕು ಸರ್. ಮೂವರೂ ನಕ್ಕರು, ಒಳ್ಳೆಯ ನಗು, ಮುಂದಿನ ತಿಂಗಳು ಟ್ರೈನಿಂಗಿಗೆ ಸೇರಲು ಆಗ್ತದಾ, ಆಗ್ತದೆ ಸರ್.

ಉಡುಪಿಯ ಬಸ್ ಸ್ಟ್ಯಾಂಡು, ಕಾಪು ಕಾಪು ಎಂದು ಕಂಡಕ್ಟರ್ ಕೂಗುತ್ತಾನೆ, ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು, ಗಂಟೆ ಹೊಡೆಯಲು ಇನ್ನೂ ಹೊತ್ತುಂಟು, ಹತ್ತಿದರೆ ತಂಗಿ ಉಳಿಯುತ್ತಾಳೆ, ಹತ್ತಿದರೆ ನಾನು ಶಿರ್ವದ ಆ ಕೋಣೆಯಲ್ಲಿ, ಮುದುಕಿಯ ಮಂಚದ ಕೆಳಗೆ ಪಾತ್ರೆ ಹಿಡಿದು — ಕೊಡಲಿ, ಅವಳನ್ನೇ ಕೊಡಲಿ, ಅವಳಿಗೆ ಹೊಲಿಗೆ ಬಿಟ್ಟರೆ ಬೇರೆ ಆಸೆ ಏನುಂಟು, ಅವಳನ್ನು ನಾನು ಕೇಳಿದ್ದೇನೆಯೇ, ಇಲ್ಲ, ಒಮ್ಮೆಯೂ ಕೇಳಲಿಲ್ಲ, ನನ್ನ ರಾಕ್ಷಸಿ ಬಾಯಿ ಆಗಲೇ ಅವಳನ್ನು ಕೊಟ್ಟು ಬಂದಿದೆ, ಮಾಯ್‌ಗಿಂತ ಮೊದಲು, ಬಿಷಪ್ಪರಿಗಿಂತ ಮೊದಲು. ಮೂರನೆಯ ಬಸ್ಸಿನ ಕಂಡಕ್ಟರ್ ಹತ್ತಿರ ಬಂದು ಕಾಪುವಿಗಾ ಅಕ್ಕಾ ಎನ್ನುತ್ತಾನೆ, ಅಲ್ಲ ಎನ್ನುತ್ತೇನೆ, ಅವನು ಸೀಟಿ ಊದುತ್ತಾನೆ, ಇರುವೆ ಕುತ್ತಿಗೆಯಿಂದ ಕೆನ್ನೆಗೆ ಬಂದಿದೆ, ಕಣ್ಣಿನ ಮೂಲೆಗೆ ಬಂದಿದೆ, ಒರೆಸಬೇಕು, ಕೈ ಏಳುವುದಿಲ್ಲ, ಕಣ್ಣಿನ ಮೂಲೆಯಲ್ಲಿ ಝೀಟಾಳ ಹೆಬ್ಬೆರಳು, ಹಾಲು ಉರಿಯದ ಹಾಗೆ ಮೆಲ್ಲಗೆ ಒರೆಸುತ್ತ, ಕಣ್ಣು ಮುಚ್ಚು ಮಾರಾಯ್ತಿ, ಝೀಟಾಳ ಹೆಬ್ಬೆರಳು, ಹಾಲಿನಲ್ಲಿ ಒದ್ದೆಯಾದ ಹೆಬ್ಬೆರಳು