ಗಡ್ಡೆಲಕ್ಸಿ

ಖ್ಖಂ, ಖ್ಖಂ, ಆಮೇಲೆ ಉದ್ದಕ್ಕೊಂದು ಖ್ಖಾಂ, ಮೈಕಿನ ಮುಂದೆ ಮೇಷ್ಟ್ರ ಗಂಟಲು ಸರಿಹೋಯಿತು, ಮೂರನೇ ಸಾಲಿನಲ್ಲಿ ಕೂತ ಅವಳ ಗಂಟಲೂ ಅಭ್ಯಾಸಬಲದಿಂದ ಸದ್ದಿಲ್ಲದೆ ಅದನ್ನೇ ಮಾಡಿತು, ಕ್ಯಾಂಟೀನಿನಲ್ಲಿ ಹೀಗೆ ಕೆಮ್ಮಿ ಗೆಳತಿಯರನ್ನು ಎಷ್ಟು ಸಲ ನಗಿಸಿಲ್ಲ, ಒಮ್ಮೆ ಬೆನ್ನ ಹಿಂದೆಯೇ ನಿಂತು ಕೇಳಿಸಿಕೊಂಡ ಮೇಷ್ಟ್ರು ಬೈಯಲಿಲ್ಲ, ಏನಮ್ಮಾ ಗಿಣಿ, ನನಗಿಂತ ಚೆನ್ನಾಗಿ ನನ್ನ ಕೆಮ್ಮು ಕೆಮ್ತೀಯಲ್ಲ, ಅವತ್ತಿನಿಂದ ಇಡೀ ವಿಭಾಗಕ್ಕೆ ಅವಳು ಗಿಣಿ — ಗುರುತ್ವ ಎಂದರೆ ಗುರುವಿನ ಸೆಳೆತ ಎಂದು ಬೋರ್ಡಿನ ಮೇಲೆ ಬರೆದವಳೂ ಅವಳೇ, ಆ ಸೆಳೆತದಲ್ಲಿ ಸುತ್ತಿದ್ದು ನಾಲ್ಕು ವರ್ಷ, ಪ್ರಬಂಧ ಇಬ್ಬರ ಹೆಸರಲ್ಲಿ, ನಿನ್ನದೇ ಮೊದಲು ಅಂದಿದ್ದರಲ್ಲ — ಪರದೆ ಬೆಳಗಿತು, ಗ್ಯಾಲಕ್ಸಿಗಳು ತಿರುಗಲು ಕಲಿತದ್ದು ಹೇಗೆ, ಶೀರ್ಷಿಕೆ ಅವಳದು, ಕೆಳಗೆ ಹೆಸರು ಒಂದೇ, ಅವರದು, ಕಣ್ಣುಜ್ಜಿಕೊಂಡಳು, ಒಂದೇ — ಅವರ ಕೈ ಕೋಟಿನ ಜೇಬಿಗೆ ಹೋಯಿತು, ಬೇಡ, ಅದೊಂದು ಬೇಡ, ಬಂತು, ದಾರ ಕಟ್ಟಿದ ಆಲೂಗಡ್ಡೆ, ನಿನ್ನೆ ಅವರ ಕೋಣೆಯಲ್ಲಿ ತೋರಿಸಿ ಬಿಟ್ಟುಬಂದದ್ದು, ನಡು ಎಲ್ಲಿ ಎಂದು ತೋರಿಸಲು ಅವಳು ಉಗುರೊತ್ತಿದ ಗುರುತು ಕಪ್ಪಗಾಗಿದೆ, ಲೇ, ಉದ್ದನೆ ಗಡ್ಡೆ ಎಲ್ಲೇ, ನಿನ್ನೆ ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ಹುಡುಕುತ್ತಿದ್ದಳು, ಅದು ಗ್ಯಾಲಕ್ಸಿ ಕಣಮ್ಮಾ, ಗ್ಯಾಲಕ್ಸಿ ಆದ್ರೇನು, ಬೇಗ ಸುಲಿದು ಕೊಡು, ಎಣ್ಣೆ ಕಾದಿದೆ — ನೋಡಿ, ಮೇಷ್ಟ್ರು ಗಡ್ಡೆ ಎತ್ತಿ ತೋರಿಸಿದರು, ಮೊದಲು ಇದ್ದದ್ದು ಬರೀ ಅನಿಲದ ಮುದ್ದೆ, ಪೂರಾ ಗುಂಡಗಿದ್ರೆ ಯಾರು ಎಳೆದ್ರೂ ತಿರುಗ್ತಿರಲಿಲ್ಲ, ಹೀಗೆ ಸೊಟ್ಟಗಿತ್ತು, ಪಕ್ಕದ ಮುದ್ದೆ ಹತ್ತಿರದ ತುದೀನ ಹೆಚ್ಚು ಎಳೀತು, ದೂರದ್ದನ್ನ ಕಡಿಮೆ, ಮೆಲ್ಲಗೆ ತಿರುಗ್ತು, ಆಮೇಲೆ ತನ್ನ ಭಾರಕ್ಕೆ ತಾನೇ ಕುಗ್ಗಿ ಜೋರಾಗಿ — ಅವಳ ಮಾತು, ಅವಳು ಉಸಿರೆಳೆಯುವ ಜಾಗ, ಅವಳ ಹುಬ್ಬು, ಈಗ ಯಾರು ಗಿಣಿ, ನಿನ್ನೆ ಉತ್ಸಾಹಕ್ಕೆ ನಾಲಿಗೆ ಹೊರಳಿ ಒಂದೇ ಒಂದು ಸಲ ಗಡ್ಡೆಲಕ್ಸಿ ಅಂದಿದ್ದಳು, ಅದನ್ನೂ ಬಿಡಲಿಲ್ಲ, ಈ ನಮ್ಮ ಗಡ್ಡೆಲಕ್ಸಿ ಅಂದರು, ಸಭೆ ಹೊಟ್ಟೆ ಹಿಡಿದು ನಕ್ಕಿತು, ಅವಳ ಬಾಯಿಯೂ ನಕ್ಕಿತು, ಹಾಳು ಬಾಯಿ — ಅಂದಹಾಗೆ, ಆಲೂಗಡ್ಡೆ ತಂದುಕೊಟ್ಟ ನಮ್ಮ ವಿದ್ಯಾರ್ಥಿನಿಗೆ ಧನ್ಯವಾದ, ಚಪ್ಪಾಳೆ, ಯಾರೋ ತಿರುಗಿ ನೋಡಿದರು, ತಿರುಗಿ ಬೀಳಬೇಕು, ಎದ್ದು ಕೂಗಬೇಕು, ಗಂಟಲಿಗೆ ಬಂದದ್ದು ಖ್ಖಂ, ಅವರದೇ ಖ್ಖಂ, ತನ್ನದೆನ್ನುವ ದನಿ ಯಾವುದು — ಸರ್, ಎಳೆದ ಆ ಪಕ್ಕದ ಮುದ್ದೆ ಏನಾಗುತ್ತೆ, ಮುಂದಿನ ಸಾಲಿನಿಂದ ಯಾರೋ, ಅದಾ, ಅದು ದೂರ ಹೋಗ್ಬಿಡುತ್ತೆ, ಇದು ತಿರುಗ್ತಾನೇ ಇರುತ್ತೆ, ದಾರವನ್ನು ಮೈಕಿನ ಕೊರಳಿಗೆ ಸಿಕ್ಕಿಸಿ, ಒಂದು ಸುತ್ತು ಹೊಸೆದು, ಕೈ ಬಿಟ್ಟು ಕೆಳಗಿಳಿದರು, ಆಲೂಗಡ್ಡೆ ತಿರುಗುತ್ತಿದೆ, ಗುರುತ್ವ ಎಲ್ಲ ಅವರದು, ಗುರುತು ಅವಳದು, ಅಗೋ ಬಂತು, ಹೋಯಿತು, ಬಂತು, ಕಪ್ಪಗಾದ ಉಗುರಿನ ಗುರುತು